ಎಡದಿಂದ ಬಲಕ್ಕೆ: ಒಂದು ಕಾಫಿ ಮಗ್, ಆರು ಬೆನ್ನುಗಳು

ನಮ್ಮ ಕಡೆ ಮಗ್ ಅಂದರೆ ಬಚ್ಚಲಿನದು. ಹಾಗಾಗಿ ಗೆಳೆಯನ ಭಾವ ಅಮೆರಿಕದಿಂದ ಬಂದವರು "ನಿಮಗೆಲ್ಲ ಸೇರಿ ಒಂದು ಮಗ್ ತಂದಿದೀನಿ" ಅಂದಾಗ ನಾವು ಮುಖ ಮುಖ ನೋಡಿಕೊಂಡೆವು. ಹಾಳೆ ಬಿಚ್ಚಿದರೆ ಪಿಂಗಾಣಿಯ ಕಾಫಿ ಮಗ್. ಅದರ ಮೈಮೇಲೆ ಕಪ್ಪು ಬಿಳುಪಿನ ಒಂದು ಫೋಟೊ. ಕಲ್ಲುಗುಡ್ಡೆಯ ಮೇಲೆ ಸೈನಿಕರು ಬಾವುಟದ ಕಂಬ ನೆಡುತ್ತಿದ್ದಾರೆ. ಬಾವುಟಕ್ಕೆ ಮಾತ್ರ ಬಣ್ಣ ಹಚ್ಚಿದ್ದಾರೆ. ಕೆಳಗೆ ಇಂಗ್ಲಿಷಿನಲ್ಲಿ "ಇವೊ ಜಿಮಾ, 1945" ಅಂತ ಇದೆ. ಅಷ್ಟೇ.

ಬಸ್ ನಿಲ್ದಾಣದ ಎದುರು ಗೊಬ್ಬರದಂಗಡಿಯ ಮಹಡಿಯಲ್ಲಿ ನಾವು ನಾಲ್ವರು ಸ್ಟ್ರಿಂಗರ್‌ಗಳು ಬಾಡಿಗೆ ಹಂಚಿಕೊಂಡಿರುವ ಕೋಣೆಗೆ ಆಫೀಸು ಅಂತ ಹೆಸರು. ಮಗ್ ಅಲ್ಲಿಗೆ ಬಂತು. ಕ್ಯಾಂಟೀನಿನ ಹುಡುಗ ಫ್ಲಾಸ್ಕಿನಿಂದ ಅದಕ್ಕೆ ಟೀ ಬಗ್ಗಿಸುತ್ತಾ ಕೇಳಿದ: "ಸರ್, ಇದು ಕಾರ್ಗಿಲ್ಲಾ?" ಅಲ್ಲಪ್ಪ, ಎರಡನೇ ಮಹಾಯುದ್ಧ, ಅಮೆರಿಕದವರು ಜಪಾನಿನ ದ್ವೀಪ ಗೆದ್ದಿದ್ದು ಅಂದೆವು. "ಇವರ್ಯಾರು?" ಅಂದ. ಸೈನಿಕರು. "ಹೆಸರು?"

ಗೊತ್ತಿರಲಿಲ್ಲ. ಡಿಪ್ಲೊಮಾದಲ್ಲಿ ಫೋಟೊ ಜರ್ನಲಿಸಂ ಪಾಠಕ್ಕೆ ಇದೇ ಚಿತ್ರ ತೋರಿಸಿದ್ದರು. ಗೆರೆಗಳ ಜೋಡಣೆ, ಕ್ಷಣ ಹಿಡಿಯುವ ಕಲೆ ಅಂತೆಲ್ಲ ಬರೆದುಕೊಂಡಿದ್ದೆವು. ಹೆಸರು ಮಾತ್ರ ಒಂದೂ ನೆನಪಿರಲಿಲ್ಲ. ದಿನಾ ಬೆಳಗಾದರೆ "ಚಿತ್ರದಲ್ಲಿ ಎಡದಿಂದ ಬಲಕ್ಕೆ" ಅಂತ ಬರೆದು ಹೊಟ್ಟೆ ಹೊರೆಯುವವರು ನಾವು. ನಾಚಿಕೆಯಾಯಿತು. ಹುಡುಕಲು ಕೂತೆವು. ಹುಡುಕಿದ ಮೇಲೆ ಗೊತ್ತಾಗಿದ್ದು ಏನೆಂದರೆ, ಆ ಆರು ಜನರ ಹೆಸರು ಸರಿಯಾಗಿ ಬರೆಯಲು ಅಮೆರಿಕದ ಸೈನ್ಯಕ್ಕೇ 74 ವರ್ಷ ಬೇಕಾಯಿತು.

ಇವೊ ಜಿಮಾ ಟೋಕಿಯೊದಿಂದ ದಕ್ಷಿಣಕ್ಕೆ ಸುಮಾರು 1,200 ಕಿಲೊಮೀಟರ್ ದೂರದಲ್ಲಿ ಪೆಸಿಫಿಕ್ ಸಾಗರದೊಳಗಿರುವ ಜ್ವಾಲಾಮುಖಿ ದ್ವೀಪ. ಯುದ್ಧದ ಕಾಲಕ್ಕೆ ಅದರ ವಿಸ್ತೀರ್ಣ 21 ಚದರ ಕಿಲೊಮೀಟರ್ ಆಸುಪಾಸು ಇತ್ತು, ನಮ್ಮ ಕಡೆಯ ಮೂರು ನಾಲ್ಕು ಹಳ್ಳಿಗಳ ಜಮೀನು ಸೇರಿದಷ್ಟು. ದಕ್ಷಿಣದ ತುದಿಯಲ್ಲಿ ಸುರಿಬಾಚಿ ಗುಡ್ಡ, ಎತ್ತರ 169 ಮೀಟರ್. ಜಪಾನ್ ಮೇಲೆ ಬಾಂಬ್ ಹಾಕಲು ಹೋಗುವ ವಿಮಾನಗಳ ದಾರಿಯಲ್ಲಿ ಈ ದ್ವೀಪ, ಅದರಲ್ಲಿ ಜಪಾನಿನ ವಿಮಾನ ನಿಲ್ದಾಣಗಳು. 1945ರ ಫೆಬ್ರುವರಿ 19ರಂದು ಅಮೆರಿಕದ ಮರೀನ್ ಪಡೆ ದಡಕ್ಕಿಳಿಯಿತು. ಐದು ದಿನದಲ್ಲಿ ಮುಗಿಸುತ್ತೇವೆ ಅಂದುಕೊಂಡಿದ್ದು ಮಾರ್ಚ್ 26ರವರೆಗೆ ಎಳೆಯಿತು. ಅಮೆರಿಕದ ಕಡೆ ಸತ್ತವರು 6,800ರಷ್ಟು. ಜಪಾನಿನ ಕಡೆ ಇದ್ದವರು ಸುಮಾರು 21,000, ಸೆರೆ ಸಿಕ್ಕವರು ಕೆಲವೇ ನೂರು. ಉಳಿದವರೆಲ್ಲ ತಾವೇ ಕೊರೆದ ಸುರಂಗಗಳಲ್ಲಿ, ಗುಹೆಗಳಲ್ಲಿ ಮಣ್ಣಾದರು.

ಮಗ್ ನೋಡಿದರೆ ಯುದ್ಧ ಗೆದ್ದು ಬಾವುಟ ಹಾರಿಸಿದ ಹಾಗಿದೆ. ಫೋಟೊ ತೆಗೆದದ್ದು ಫೆಬ್ರುವರಿ 23ಕ್ಕೆ, ಐದನೇ ದಿನ. ಯುದ್ಧ ಮುಗಿಯಲು ಇನ್ನೂ ಒಂದು ತಿಂಗಳಿತ್ತು. ಕೈಗೆ ಬಂದಿದ್ದು ಒಂದು ಗುಡ್ಡ ಮಾತ್ರ.

ಫೋಟೊ ತೆಗೆದವರು ಅಸೋಸಿಯೇಟೆಡ್ ಪ್ರೆಸ್ಸಿನ ಜೋ ರೋಸೆಂಥಾಲ್. ಆಗ ಅವರಿಗೆ 33 ವರ್ಷ, ನಮ್ಮ ವಯಸ್ಸೇ. ದೃಷ್ಟಿ ತೀರಾ ಮಂದ ಅಂತ ಸೈನ್ಯ ಅವರನ್ನು ಸೇರಿಸಿಕೊಂಡಿರಲಿಲ್ಲ. ದಪ್ಪ ಕನ್ನಡಕ, ಕುಳ್ಳು ಆಳು. ಅವತ್ತು ದಡಕ್ಕೆ ಬಂದಾಗ ಗುಡ್ಡದ ಮೇಲೆ ಬಾವುಟ ಏರಿಸುತ್ತಾರೆ ಅಂತ ಸುದ್ದಿ ಸಿಕ್ಕಿತು. ಹತ್ತಲು ಹೊರಟರು. ಜತೆಗೆ ಮರೀನ್ ಪಡೆಯದೇ ಇಬ್ಬರು: ಸ್ಥಿರಚಿತ್ರ ತೆಗೆಯುವ ಬಾಬ್ ಕ್ಯಾಂಪ್‌ಬೆಲ್, ಚಲನಚಿತ್ರದ ಕ್ಯಾಮೆರಾ ಹೊತ್ತ ಬಿಲ್ ಜೆನೌಸ್ಟ್. ಅರ್ಧ ದಾರಿಯಲ್ಲಿ ಎದುರಿಗೆ ಇಳಿದು ಬಂದವರು ಮರೀನ್ ಪತ್ರಿಕೆಯೊಂದರ ಛಾಯಾಗ್ರಾಹಕ ಲೂ ಲೋವರಿ. ಬಾವುಟ ಆಗಲೇ ಏರಿಸಿ ಆಯಿತು, ನಾನು ಫೋಟೊ ತೆಗೆದೂ ಆಯಿತು ಅಂದರು. ಮೇಲಿಂದ ನೋಟ ಚೆನ್ನಾಗಿದೆ, ಬೇಕಾದರೆ ಹೋಗಿ ಅಂತಲೂ ಹೇಳಿದರು.

ಇಂಥ ಗಳಿಗೆ ನಮ್ಮ ಕೆಲಸದಲ್ಲಿ ವಾರಕ್ಕೊಂದು ಬರುತ್ತದೆ. ಮೂವತ್ತು ಕಿಲೊಮೀಟರ್ ಬೈಕ್ ಹೊಡೆದುಕೊಂಡು ಹೋಗಿರುತ್ತೇವೆ, ಮಂತ್ರಿ ಬಂದು ಹೋಗಿ ಆಗಿರುತ್ತದೆ. ವಾಪಸ್ ತಿರುಗುವವರೇ ಹೆಚ್ಚು. ರೋಸೆಂಥಾಲ್ ಹತ್ತಿದರು.

ಮೇಲೆ ನೋಡಿದರೆ ಎರಡನೇ ಬಾವುಟದ ತಯಾರಿ ನಡೆದಿತ್ತು. ಮೊದಲಿನದು ಚಿಕ್ಕದು, ದೂರದಿಂದ ಸರಿಯಾಗಿ ಕಾಣುತ್ತಿರಲಿಲ್ಲ. ಅದೂ ಅಲ್ಲದೆ ಚರಿತ್ರೆಗೆ ಸೇರಬೇಕಾದ ಆ ಬಟ್ಟೆಯನ್ನು ಮೇಲಿನವರು ಯಾರಾದರೂ ಒಯ್ದುಬಿಡುತ್ತಾರೆ, ಅದು ನಮ್ಮ ತುಕಡಿಯಲ್ಲೇ ಉಳಿಯಬೇಕು ಅನ್ನುವುದು ಅಲ್ಲಿನ ಅಧಿಕಾರಿಯ ಹಟ. ಹಾಗಾಗಿ ಹಡಗಿನಿಂದ ದೊಡ್ಡ ಬಾವುಟ ತರಿಸಿದ್ದರು. ಕಂಬ ಅಂದರೆ ಜಪಾನಿಯರು ಬಿಟ್ಟುಹೋದ ಕಬ್ಬಿಣದ ನೀರಿನ ಪೈಪು. ರೋಸೆಂಥಾಲ್ ಕುಳ್ಳಗಿದ್ದರಲ್ಲ, ಕಲ್ಲು, ಮರಳುಚೀಲ ಪೇರಿಸಿಕೊಂಡು ಮೇಲೆ ನಿಂತರು. ಜೆನೌಸ್ಟ್ ಪಕ್ಕಕ್ಕೆ ಬಂದು, ನಿನಗೆ ಅಡ್ಡ ಆಗ್ತಿಲ್ಲ ತಾನೇ ಅಂತ ಕೇಳಿದರು. ಇವರು ಅತ್ತ ತಿರುಗಿ ಉತ್ತರ ಹೇಳುವಷ್ಟರಲ್ಲಿ ಕಂಬ ಏಳತೊಡಗಿತ್ತು. ಕಣ್ಣಂಚಿನಲ್ಲಿ ಕಂಡಿದ್ದಕ್ಕೆ ಕ್ಯಾಮೆರಾ ತಿರುಗಿಸಿ ಒತ್ತಿದರು. ಸೆಕೆಂಡಿನ 400ನೇ ಒಂದು ಭಾಗ. ಸಿಕ್ಕಿತೋ ಇಲ್ಲವೋ ಅವರಿಗೇ ಗೊತ್ತಿಲ್ಲ. ಯಾವುದಕ್ಕೂ ಇರಲಿ ಅಂತ ಅಲ್ಲಿದ್ದ ಸೈನಿಕರನ್ನೆಲ್ಲ ಬಾವುಟದ ಕೆಳಗೆ ಸಾಲಾಗಿ ನಿಲ್ಲಿಸಿ, ಕೈ ಎತ್ತಿಸಿ, ಜೈಕಾರ ಹಾಕಿಸಿ ಒಂದು ಗುಂಪು ಫೋಟೊ ಕೂಡ ತೆಗೆದರು.

ಆ ಗುಂಪು ಫೋಟೊವೇ ಆಮೇಲೆ ಅವರ ಕೊರಳಿಗೆ ಸುತ್ತಿಕೊಂಡಿದ್ದು.

ನಮ್ಮ ಹಿರಿಯ ವರದಿಗಾರರು ಒಂದು ಕಾಲದಲ್ಲಿ ಫೋಟೊ ಕವರನ್ನು ರಾತ್ರಿ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು ಕೈ ಮುಗಿಯುತ್ತಿದ್ದರಂತೆ. ಪ್ರಿಂಟ್ ಆಗಿದ್ದು ಮಾರನೇ ದಿನ ಪೇಪರ್ ಬಂದಾಗಲೇ ಗೊತ್ತು. ರೋಸೆಂಥಾಲ್ ಕಥೆಯೂ ಅದೇ. ಫಿಲ್ಮನ್ನು ವಿಮಾನದಲ್ಲಿ ಗುವಾಮ್ ದ್ವೀಪಕ್ಕೆ ಕಳಿಸಿದರು. ಅಲ್ಲಿ ತೊಳೆದು, ಆರಿಸಿ, ರೇಡಿಯೊ ಮೂಲಕ ಅಮೆರಿಕಕ್ಕೆ ರವಾನಿಸಿದರು. ತೆಗೆದ ಹದಿನೇಳೂವರೆ ಗಂಟೆಯಲ್ಲಿ ಚಿತ್ರ ನ್ಯೂಯಾರ್ಕ್ ತಲುಪಿತ್ತು. ಫೆಬ್ರುವರಿ 25ರ ಭಾನುವಾರ ಅಮೆರಿಕದ ಪತ್ರಿಕೆಗಳ ಮುಖಪುಟದಲ್ಲಿ ಅದೇ ಚಿತ್ರ. ತೆಗೆದವರು ಮಾತ್ರ ಅದನ್ನಿನ್ನೂ ನೋಡಿರಲಿಲ್ಲ.

ಕೆಲವು ದಿನಗಳ ನಂತರ ಅವರು ಗುವಾಮ್‌ಗೆ ಬಂದಾಗ ಎಲ್ಲರೂ ಬೆನ್ನು ತಟ್ಟಿದರು. ಯಾರೋ ಒಬ್ಬ ವರದಿಗಾರ, "ಆ ಫೋಟೊಗೆ ಪೋಸ್ ಕೊಡಿಸಿದ್ರಾ?" ಅಂದ. ರೋಸೆಂಥಾಲ್ ತಲೆಯಲ್ಲಿದ್ದದ್ದು ಜೈಕಾರದ ಗುಂಪು ಫೋಟೊ. "ಹೌದು" ಅಂದುಬಿಟ್ಟರು. ಅಲ್ಲೇ ಇದ್ದ ಟೈಮ್-ಲೈಫ್ ವರದಿಗಾರ ರಾಬರ್ಟ್ ಶೆರಾಡ್, ಮೊದಲ ಬಾವುಟದ ವಿಷಯವನ್ನೂ ತಿಳಿದಿದ್ದವರು, ಇದು ನಾಟಕ ಅಂತ ಸಂಪಾದಕರಿಗೆ ಬರೆದರು. ಟೈಮ್‌ನ ರೇಡಿಯೊ ಕಾರ್ಯಕ್ರಮದಲ್ಲಿ ಅದು ಪ್ರಸಾರವೂ ಆಯಿತು. ತಪ್ಪು ಗೊತ್ತಾಗಿ ಸಂಸ್ಥೆ ತಿದ್ದಿಕೊಂಡಿತು. ಆದರೂ ರೋಸೆಂಥಾಲ್ 2006ರಲ್ಲಿ, 94ನೇ ವಯಸ್ಸಿನಲ್ಲಿ ಸಾಯುವವರೆಗೂ ಆ ಪ್ರಶ್ನೆಗೆ ಉತ್ತರ ಕೊಡುತ್ತಲೇ ಇದ್ದರು. ಅವರ ಪರವಾಗಿ ಇದ್ದ ಗಟ್ಟಿ ಸಾಕ್ಷಿ ಜೆನೌಸ್ಟ್ ಪಕ್ಕದಲ್ಲೇ ನಿಂತು ಹಿಡಿದ ಬಣ್ಣದ ಚಲನಚಿತ್ರ. ಅದರಲ್ಲಿ ಕಂಬ ಏಳುವುದು, ನಿಲ್ಲುವುದು ಎಲ್ಲ ಇದೆ. ಯಾರೂ ಯಾರಿಗೂ ನಿಲ್ಲು, ತಿರುಗು ಅಂದಿಲ್ಲ. ಜೆನೌಸ್ಟ್ ಮಾರ್ಚ್ 4ರಂದು ಒಂದು ಗುಹೆಯೊಳಗೆ ಗುಂಡಿಗೆ ಬಲಿಯಾದರು. ಶವ ಸಿಗಲಿಲ್ಲ.

ಇಲ್ಲೊಂದು ಮಾತು ಒಪ್ಪಿಕೊಳ್ಳಬೇಕು. ನಾವು ತೆಗೆಯುವ ಫೋಟೊಗಳಲ್ಲಿ ಅರ್ಧಕ್ಕರ್ಧ ಪೋಸೇ. ಟೇಪು ಕತ್ತರಿಸುವುದನ್ನು ಎರಡು ಸಲ ಮಾಡಿಸಿದ್ದೇವೆ. ಶಾಲು ಹೊದಿಸಿ ಆದ ಮೇಲೆ "ಸರ್, ಇನ್ನೊಂದ್ಸಲ, ಈ ಕಡೆ ನೋಡಿ" ಅಂದಿದ್ದೇವೆ. ಗಿಡ ನೆಡುವ ಫೋಟೊಗೆ ಕಳೆದ ವರ್ಷದ ಗುಂಡಿಯನ್ನೇ ಬಳಸಿದ್ದನ್ನೂ ನೋಡಿದ್ದೇವೆ. ಯಾರೂ ನಮ್ಮನ್ನು ಇದುವರೆಗೆ ಕೇಳಿಲ್ಲ. ಪೋಸ್ ಕೊಡಿಸದವರು ಅರವತ್ತು ವರ್ಷ ಉತ್ತರ ಹೇಳಿದರು.

ಈಗ ಹೆಸರುಗಳಿಗೆ ಬರೋಣ.

ಫೋಟೊ ತೆಗೆದಾಗ ರೋಸೆಂಥಾಲ್ ಯಾರ ಹೆಸರನ್ನೂ ಬರೆದುಕೊಳ್ಳಲಿಲ್ಲ. ಆ ಗಡಿಬಿಡಿಯಲ್ಲಿ ಸಾಧ್ಯವೂ ಇರಲಿಲ್ಲ. ಚಿತ್ರದಲ್ಲಿ ಒಂದು ಮುಖವೂ ನೆಟ್ಟಗೆ ಕಾಣುವುದಿಲ್ಲ. ಬರೀ ಬೆನ್ನು, ಹೆಲ್ಮೆಟ್, ತೋಳು. ಮೊದಲ ನೋಟಕ್ಕೆ ನಾಲ್ಕೋ ಐದೋ ಜನ ಅನ್ನಿಸುತ್ತದೆ, ಆರನೆಯವರನ್ನು ಹುಡುಕಬೇಕು. ಚಿತ್ರ ದೇಶದ ತುಂಬ ಹಬ್ಬಿದ ಮೇಲೆ ಅಧ್ಯಕ್ಷ ರೂಸ್‌ವೆಲ್ಟ್ ಆ ಸೈನಿಕರನ್ನು ವಾಪಸ್ ಕರೆಸಿ ಅಂದರು. ಯುದ್ಧಕ್ಕೆ ದುಡ್ಡು ಬೇಕಿತ್ತು, ಸಾಲದ ಬಾಂಡು ಮಾರಬೇಕಿತ್ತು. ಆಗ ಶುರುವಾಯಿತು ಹೆಸರು ಹುಡುಕಾಟ. ರೆನೆ ಗ್ಯಾನ್ಯನ್ ಎಂಬ ಯುವಕನನ್ನು ವಾಷಿಂಗ್ಟನ್‌ಗೆ ಕರೆಸಿ ದೊಡ್ಡದು ಮಾಡಿದ ಪ್ರತಿ ಮುಂದಿಟ್ಟು ಗುರುತಿಸು ಅಂದರು. ಪಟ್ಟಿ ತಯಾರಾಯಿತು. ಅದರಲ್ಲಿ ಮೂವರು ಅಷ್ಟರಲ್ಲೇ ದ್ವೀಪದಲ್ಲಿ ಸತ್ತಿದ್ದರು. ಬದುಕಿದವರು ಮೂವರು: ಗ್ಯಾನ್ಯನ್, ನೌಕಾಪಡೆಯ ವೈದ್ಯಕೀಯ ಸಹಾಯಕ ಜಾನ್ ಬ್ರಾಡ್ಲಿ, ಅರಿಜೋನಾದ ಪೀಮಾ ಬುಡಕಟ್ಟಿನ ಐರಾ ಹೇಯ್ಸ್.

ಕಂಬದ ಬುಡದಲ್ಲಿ, ಚಿತ್ರದ ಬಲತುದಿಯಲ್ಲಿ ಬಾಗಿ ನಿಂತವನನ್ನು ಹ್ಯಾನ್ಸನ್ ಅಂತ ಬರೆದಿದ್ದರು. ಹೇಯ್ಸ್‌ಗೆ ಗೊತ್ತಿತ್ತು, ಅದು ತನ್ನ ಗೆಳೆಯ ಹಾರ್ಲನ್ ಬ್ಲಾಕ್. ಅಧಿಕಾರಿಯೊಬ್ಬರಿಗೆ ಹೇಳಿದರು ಕೂಡ. ಹೆಸರುಗಳು ಆಗಲೇ ಪ್ರಕಟವಾಗಿವೆ, ಸತ್ತವರು ಸತ್ತಾಗಿದೆ, ಸುಮ್ಮನಿರು ಅನ್ನುವ ಉತ್ತರ ಬಂತು.

ಟೆಕ್ಸಸ್‌ನ ವೆಸ್ಲಾಕೊ ಎಂಬ ಊರಿನಲ್ಲಿ ಇನ್ನೊಬ್ಬರಿಗೂ ಗೊತ್ತಿತ್ತು. ಹಾರ್ಲನ್‌ನ ತಾಯಿ ಬೆಲ್ ಬ್ಲಾಕ್. ಭಾನುವಾರದ ಪೇಪರಿನಲ್ಲಿ ಚಿತ್ರ ನೋಡಿದ ಕೂಡಲೇ ಇದು ನಮ್ಮ ಹುಡುಗ ಅಂದರು. ಬರೀ ಬೆನ್ನು ಕಾಣುತ್ತದಲ್ಲ, ಹೇಗೆ ಹೇಳ್ತೀಯ ಅಂತ ಮನೆಯವರು ನಂಬಲಿಲ್ಲ. ಎತ್ತಿ ಆಡಿಸಿದ, ಬಟ್ಟೆ ಬದಲಿಸಿದ ಮಗುವಿನ ಬೆನ್ನು ತಾಯಿಗೆ ಗೊತ್ತಾಗುವುದಿಲ್ಲವೇ ಅನ್ನುವುದು ಅವರ ವಾದ. ದಿನಾಂಕ ಗಮನಿಸಿ. ತಾಯಿ ಗುರುತು ಹಿಡಿದಿದ್ದು ಫೆಬ್ರುವರಿ 25ಕ್ಕೆ. ಹಾರ್ಲನ್ ಸತ್ತಿದ್ದು ಮಾರ್ಚ್ 1ಕ್ಕೆ. ಆ ಭಾನುವಾರ ಮಗ ಇನ್ನೂ ಇದ್ದ. ವಯಸ್ಸು 20.

ಏಪ್ರಿಲ್‌ನಲ್ಲಿ ಹೆಸರುಗಳು ಪ್ರಕಟವಾದಾಗ ಅದರಲ್ಲಿ ಹಾರ್ಲನ್ ಇರಲಿಲ್ಲ. ತಾಯಿ ಮಾತು ಬಿಡಲಿಲ್ಲ. ಯುದ್ಧ ಮುಗಿದ ಮರುವರ್ಷ, 1946ರ ಮೇ ತಿಂಗಳಲ್ಲಿ ಐರಾ ಹೇಯ್ಸ್ ಅರಿಜೋನಾದ ತನ್ನ ಊರಿನಿಂದ ಹೊರಟು, ನಡೆದು, ಸಿಕ್ಕ ವಾಹನಕ್ಕೆ ಕೈ ಅಡ್ಡ ಹಿಡಿದು, ಎರಡು ಸಾವಿರ ಕಿಲೊಮೀಟರ್ ದಾರಿ ಸವೆಸಿ ಟೆಕ್ಸಸ್‌ನ ಆ ಹೊಲಕ್ಕೆ ಬಂದರು. ಹಾರ್ಲನ್‌ನ ತಂದೆಯನ್ನು ಕಂಡು, ಚಿತ್ರದಲ್ಲಿರುವುದು ನಿಮ್ಮ ಮಗನೇ ಅಂದರು. ಹೇಳಿ ವಾಪಸ್ ಹೊರಟರು. ಆ ಮೇಲೆ ಕುಟುಂಬ ಬರೆಸಿದ ಪತ್ರಗಳಿಂದ ವಿಚಾರಣೆ ನಡೆದು 1947ರ ಜನವರಿಯಲ್ಲಿ ಸೈನ್ಯ ಮೊದಲ ಹೆಸರು ತಿದ್ದಿತು.

ಈ ಕಥೆ ಓದಿದ ದಿನ ನಮ್ಮ ಕೋಣೆಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ತಿದ್ದುಪಡಿ ಹಾಕಿಸಲು ನಮ್ಮಲ್ಲಿಗೂ ಜನ ಬರುತ್ತಾರೆ. ಮೂರು ವರ್ಷದ ಹಿಂದೆ ಕೆರೆಗೆ ಬಿದ್ದ ಇಬ್ಬರು ಮಕ್ಕಳನ್ನು ಎತ್ತಿದವನ ಹೆಸರು ತಪ್ಪಾಗಿ ಹೋಗಿ, ಅವನ ಅಣ್ಣನ ಹೆಸರು ಅಚ್ಚಾಗಿತ್ತು. ಬರೆದದ್ದು ನಾವೇ. ಅವನು ಪೇಪರ್ ಮಡಚಿಕೊಂಡು ಮಹಡಿ ಹತ್ತಿ ಬಂದ. ಡೆಸ್ಕಿಗೆ ಫೋನ್ ಮಾಡಿದೆವು. ಹಳೇ ಸುದ್ದಿ, ಬಿಡ್ರೀ ಅಂದರು. ನಾವೂ ಬಿಟ್ಟೆವು.

ಬಾಂಡು ಮಾರಾಟದ ವಿಷಯ ಬೇಗ ಹೇಳಿಬಿಡುತ್ತೇವೆ. ಬದುಕಿದ ಆ ಮೂವರನ್ನು 1945ರ ಬೇಸಿಗೆಯಲ್ಲಿ ಊರೂರು ಮೆರವಣಿಗೆ ಮಾಡಿಸಿದರು. ಚಿತ್ರ ಲಕ್ಷಾಂತರ ಪೋಸ್ಟರ್ ಆಯಿತು. ಗುರಿ 1,400 ಕೋಟಿ ಡಾಲರ್ ಇತ್ತು, ಬಂದದ್ದು 2,600 ಕೋಟಿಗೂ ಮಿಕ್ಕಿ. ಜುಲೈ 11ಕ್ಕೆ ಹಸಿರು ಬಣ್ಣದ 3 ಸೆಂಟಿನ ಅಂಚೆಚೀಟಿ ಬಂತು. ಮಗ್ ಆಗುವ ಮೊದಲೇ ಇದು ಮಾರಾಟದ ಚಿತ್ರ ಅನ್ನುವುದು ಇದರಿಂದ ಗೊತ್ತಾಗುತ್ತದೆ. ರೋಸೆಂಥಾಲ್‌ಗೆ ಅದೇ ವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಹಣ ಅಂತ ಒಟ್ಟು ಸಿಕ್ಕಿದ್ದು 10,000 ಡಾಲರ್ ದಾಟಲಿಲ್ಲ ಅಂತ ಅವರೇ ಹೇಳಿಕೊಂಡಿದ್ದರು. ಆಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಕ್ರಾನಿಕಲ್ ಪತ್ರಿಕೆಯಲ್ಲಿ 35 ವರ್ಷ ಸಾದಾ ಛಾಯಾಗ್ರಾಹಕರಾಗಿ ದುಡಿದು ನಿವೃತ್ತರಾದರು.

ಹೇಯ್ಸ್‌ಗೆ ಮೆರವಣಿಗೆ ಒಗ್ಗಲಿಲ್ಲ. ಜತೆಗಾರರು ಸತ್ತಿದ್ದಾರೆ, ನನಗೇಕೆ ಹಾರ ಅನ್ನುವ ಕೊರಗು ಕುಡಿತಕ್ಕೆ ತಳ್ಳಿತು. 1954ರ ನವೆಂಬರ್‌ನಲ್ಲಿ ವಾಷಿಂಗ್ಟನ್ ಪಕ್ಕದ ಆರ್ಲಿಂಗ್ಟನ್‌ನಲ್ಲಿ ಇದೇ ಚಿತ್ರದ ಬೃಹತ್ ಕಂಚಿನ ಪ್ರತಿಮೆ ಅನಾವರಣವಾದಾಗ ಅವರೂ ಇದ್ದರು. ಎರಡೂವರೆ ತಿಂಗಳಿಗೆ, 1955ರ ಜನವರಿ 24ರಂದು, ತಮ್ಮ ಊರಿನ ಹತ್ತಿರ ಚಳಿಯಲ್ಲಿ ಸತ್ತು ಬಿದ್ದಿದ್ದರು. ವಯಸ್ಸು 32.

ತಿದ್ದುಪಡಿ ಅಲ್ಲಿಗೆ ಮುಗಿಯಿತು ಅಂತ ಎಲ್ಲರೂ ಅಂದುಕೊಂಡಿದ್ದರು. ಬ್ರಾಡ್ಲಿಯ ಮಗ 2000ದಲ್ಲಿ ಪುಸ್ತಕ ಬರೆದರು, 2006ರಲ್ಲಿ ಅದು ಸಿನಿಮಾ ಆಯಿತು. ಅದಾದ ಮೇಲೆ ಇತಿಹಾಸದ ಹುಚ್ಚು ಹತ್ತಿಸಿಕೊಂಡ ಕೆಲವರು ಮನೆಯಲ್ಲಿ ಕೂತು ಅವತ್ತಿನ ಎಲ್ಲ ಫೋಟೊಗಳನ್ನೂ ಜೆನೌಸ್ಟ್ ಚಿತ್ರವನ್ನೂ ಪಕ್ಕಪಕ್ಕ ಇಟ್ಟು ನೋಡತೊಡಗಿದರು. ಒಬ್ಬರ ಪ್ಯಾಂಟಿನ ಮಡಿಕೆ, ಬೆಲ್ಟಿಗೆ ತೂಗಿದ ಸಾಮಾನು, ಹೆಲ್ಮೆಟ್ಟಿನ ಪಟ್ಟಿ, ಟೋಪಿ. ಬ್ರಾಡ್ಲಿಯ ಉಡುಪಿಗೂ ಚಿತ್ರದಲ್ಲಿದ್ದವನ ಉಡುಪಿಗೂ ತಾಳೆಯಾಗಲಿಲ್ಲ. 2016ರ ಜೂನ್‌ನಲ್ಲಿ ಮರೀನ್ ಪಡೆ ಒಪ್ಪಿಕೊಂಡಿತು: ಬ್ರಾಡ್ಲಿ ಈ ಚಿತ್ರದಲ್ಲಿಲ್ಲ. ಅವರು ಮೊದಲ ಬಾವುಟದ ಜತೆ ಇದ್ದವರು. ಇಲ್ಲಿರುವುದು ಹೆರಾಲ್ಡ್ ಶುಲ್ಟ್ಜ್. 2019ರ ಅಕ್ಟೋಬರ್‌ನಲ್ಲಿ ಇನ್ನೊಂದು: ಗ್ಯಾನ್ಯನ್ ಕೂಡ ಇಲ್ಲ, ಇರುವುದು ಹೆರಾಲ್ಡ್ ಕೆಲ್ಲರ್. ಗುರುತು ಸಿಕ್ಕಲು ನೆರವಾದ ಸುಳಿವುಗಳಲ್ಲಿ ಕೆಲ್ಲರ್ ಬೆರಳಿನ ಮದುವೆಯ ಉಂಗುರವೂ ಒಂದು.

ಶುಲ್ಟ್ಜ್ ಯುದ್ಧದ ನಂತರ ಲಾಸ್ ಏಂಜಲೀಸಿನ ಅಂಚೆ ಇಲಾಖೆಯಲ್ಲಿ ಕೆಲಸ ಮಾಡಿದರು. ಆ ಹಸಿರು ಚೀಟಿ ಅಂಟಿಸಿದ ಲಕೋಟೆಗಳೂ ಅವರ ಕೈ ದಾಟಿ ಹೋಗಿರಬಹುದು. ಕೊನೆಗಾಲದಲ್ಲಿ ಒಮ್ಮೆ ಊಟದ ಹೊತ್ತಿನಲ್ಲಿ ಮನೆಯವರ ಹತ್ತಿರ ಆ ಬಾವುಟ ಏರಿಸಿದವರಲ್ಲಿ ನಾನೂ ಒಬ್ಬ ಅಂದಿದ್ದರಂತೆ, ಮತ್ತೆ ಆ ಮಾತು ಎತ್ತಲಿಲ್ಲ. 1995ರಲ್ಲಿ ತೀರಿಕೊಂಡರು. ಕೆಲ್ಲರ್ 1979ರಲ್ಲೇ ಹೋಗಿದ್ದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಅವರಿಬ್ಬರೂ "ಮತ್ತಿತರರು ಇದ್ದರು" ಪೈಕಿ.

ಹಾಗಾದರೆ ಚಿತ್ರದಲ್ಲಿ ಎಡದಿಂದ ಬಲಕ್ಕೆ: ಐರಾ ಹೇಯ್ಸ್, ಹೆರಾಲ್ಡ್ ಶುಲ್ಟ್ಜ್, ಮೈಕಲ್ ಸ್ಟ್ರ್ಯಾಂಕ್, ಫ್ರಾಂಕ್ಲಿನ್ ಸೌಸ್ಲಿ, ಹೆರಾಲ್ಡ್ ಕೆಲ್ಲರ್, ಹಾರ್ಲನ್ ಬ್ಲಾಕ್. ಸ್ಟ್ರ್ಯಾಂಕ್ ಈಗಿನ ಸ್ಲೊವಾಕಿಯಾದ ಹಳ್ಳಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಹೋದವರು. ಬ್ಲಾಕ್ ಸತ್ತ ದಿನವೇ ಸತ್ತರು. ಸೌಸ್ಲಿಗೆ 19 ವರ್ಷ, ಮಾರ್ಚ್ 21ರಂದು ಹೋದರು, ಯುದ್ಧ ಮುಗಿಯಲು ಐದು ದಿನ ಇದ್ದಾಗ.

ಇನ್ನು ಮಗ್ ಮೇಲೆ ಇರುವ ಒಂದೇ ಹೆಸರು, ದ್ವೀಪದ್ದು. ಅದೂ ಪೂರ್ತಿ ಸರಿಯಲ್ಲ. ಅಲ್ಲಿ ಸಾವಿರದಷ್ಟು ಜನ ಗಂಧಕ ತೆಗೆದು, ಕಬ್ಬು ಬೆಳೆದು, ಮೀನು ಹಿಡಿದು ಬದುಕುತ್ತಿದ್ದರು. ಅವರು ತಮ್ಮ ದ್ವೀಪವನ್ನು ಇವೊ ತೊ ಅನ್ನುತ್ತಿದ್ದರು. 1944ರಲ್ಲಿ ಜಪಾನ್ ಸೈನ್ಯ ಅವರನ್ನು ಎಬ್ಬಿಸಿತು. ಒಂದಷ್ಟು ಗಂಡಸರನ್ನು ಕೆಲಸಕ್ಕೆಂದು ಉಳಿಸಿಕೊಂಡು ಮಿಕ್ಕವರನ್ನು ಹಡಗು ಹತ್ತಿಸಿತು. ಅದೇ ಅಕ್ಷರಗಳನ್ನು ಹೊರಗಿನಿಂದ ಬಂದವರು ಇವೊ ಜಿಮಾ ಅಂತ ಓದಿದ್ದೇ ಜಗತ್ತಿಗೆಲ್ಲ ಉಳಿಯಿತು. 1968ರಲ್ಲಿ ಅಮೆರಿಕ ದ್ವೀಪ ವಾಪಸ್ ಕೊಟ್ಟಿತು. ಊರಿನವರಿಗೆ ಮರಳಿ ಹೋಗಿ ನೆಲೆಸಲು ಅವಕಾಶ ಸಿಗಲಿಲ್ಲ, ಅಲ್ಲಿ ಈಗ ಸೈನಿಕ ನೆಲೆ. 2007ರಲ್ಲಿ ಜಪಾನ್ ಸರ್ಕಾರ ನಕ್ಷೆಯಲ್ಲಿ ಹೆಸರನ್ನು ಇವೊ ತೊ ಅಂತ ತಿದ್ದಿತು. ಹೆಸರು ಮಾತ್ರ ಊರಿಗೆ ಮರಳಿತು. ಅಣೆಕಟ್ಟಿನಲ್ಲಿ ಮುಳುಗಿದ ಊರುಗಳ ಬಗ್ಗೆ ಬರೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಗ್ ಈಗ ಬಳಸಿ ಬಳಸಿ ಮಾಸಿದೆ. ತಿಕ್ಕುವ ನಾರು ಬಾವುಟದ ಬಣ್ಣವನ್ನು ಅರ್ಧ ತಿಂದಿದೆ. ಕಳೆದ ವಾರ ಮೇಷ್ಟ್ರೊಬ್ಬರ ನಿವೃತ್ತಿಗೆ ಇಂಥದ್ದೇ ಒಂದು ಮಾಡಿಸಲು ಪೇಟೆಯ ಸ್ಟುಡಿಯೊಗೆ ಹೋಗಿದ್ದೆವು. ಶಾಲೆಯ ಮುಂದೆ ನಿಂತ ಹನ್ನೊಂದು ಜನರ ಗುಂಪು ಫೋಟೊ. ಸ್ಟುಡಿಯೊದವರು ಚಿತ್ರವನ್ನು ತಿರುವುಮುರುವಾಗಿ ಕಾಗದಕ್ಕೆ ಅಚ್ಚು ಹಾಕಿ, ಬಿಳಿ ಮಗ್‌ಗೆ ಸುತ್ತಿ, ಬಿಸಿ ಯಂತ್ರದೊಳಗೆ ಒತ್ತುತ್ತಾರೆ. ಅಳತೆ ನೋಡಿ, "ಸರ್, ಎರಡೂ ಕೊನೇಲಿರೋರು ಹಿಡಿಕೆ ಹತ್ರ ಬರ್ತಾರೆ, ಕಟ್ ಮಾಡ್ಲಾ?" ಅಂದರು. ಒಂದು ಕೊನೆಯಲ್ಲಿ ಬಿಸಿಯೂಟದ ಅಡುಗೆಯವರು, ಇನ್ನೊಂದು ಕೊನೆಯಲ್ಲಿ ಗಂಟೆ ಹೊಡೆಯುವವರು.

ಬೇಡ, ಚಿಕ್ಕದು ಮಾಡಿ ಎಲ್ಲರನ್ನೂ ಹಾಕಿ ಅಂದೆವು. ಕೆಳಗೆ ಹೆಸರುಗಳನ್ನೂ ಬರೆಯಲು ಹೇಳಿದೆವು. ಹನ್ನೊಂದು ಹೆಸರು ಒಂದು ಸಾಲಿನಲ್ಲಿ ಕೂರುವುದಿಲ್ಲ, ಎರಡು ಸಾಲು ಮಾಡಿದರೆ ಅಕ್ಷರ ಓದಲಾಗುವುದಿಲ್ಲ ಅಂದರು. ಮೂರು ಸಾಲು ಮಾಡಿಸಿದೆವು. ಐವತ್ತು ರೂಪಾಯಿ ಜಾಸ್ತಿ ತಗೊಂಡರು. ಗಂಟೆ ಹೊಡೆಯುವವರ ಪೂರ್ತಿ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ, ಶಾಲೆಗೆ ಫೋನ್ ಮಾಡಿ ಕೇಳಿ ಬರೆಸಿದೆವು.